ಓಸಿ ಇಲ್ಲದ ಮನೆಯಲ್ಲಿ ಹಾಲುಕ್ಕಿಸಬೇಡಿ

ನಮ್ಮ ಶಿವಮೊಗ್ಗ, ಭದ್ರಾವತಿ ಕಡೆ ಓಸಿ ಅಂದರೆ ಮಟ್ಕಾ. ಬೀಡಾ ಅಂಗಡಿ ಪಕ್ಕ ಚೀಟಿ ಬರೆಸಿ, ನಂಬರ್ ಹತ್ತುತ್ತೆ ಅಂತ ರಾತ್ರಿಯಿಡೀ ಕಾಯೋ ಜೂಜು. ಬೆಂಗಳೂರಲ್ಲಿ ಓಸಿ ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟು, ಸರ್ಕಾರಿ ಕನ್ನಡದಲ್ಲಿ ಸ್ವಾಧೀನಾನುಭವ ಪ್ರಮಾಣಪತ್ರ. ಎರಡಕ್ಕೂ ಈಗ ಅಂಥಾ ವ್ಯತ್ಯಾಸವೇನೂ ಉಳಿದಿಲ್ಲ. ಎರಡರಲ್ಲೂ ದುಡ್ಡು ಮೊದಲು ಕಟ್ಟಬೇಕು, ಆಮೇಲೆ ಬರುತ್ತೆ ಅಂತ ಕಾಯಬೇಕು. ಅಲ್ಲಿ ಹೋದರೆ ಹತ್ತಿಪ್ಪತ್ತು ರೂಪಾಯಿ ಹೋಗುತ್ತೆ. ಇಲ್ಲಿ ಒಂದು ಕೋಟಿ.

ಹೊಸ ಮನೆ ಕೊಳ್ಳೋರಿಗೆ ಸಲಹೆ ಕೊಡೋರು ಬೇಕಾದಷ್ಟು ಜನ ಇದ್ದಾರೆ. ಯಾವ ಯೂಟ್ಯೂಬ್ ಚಾನೆಲ್ ತೆಗೆದರೂ "ಫ್ಲ್ಯಾಟ್ ಕೊಳ್ಳುವ ಮುನ್ನ ನೋಡಬೇಕಾದ 25 ಅಂಶಗಳು". ಬಾಗಿಲು ಯಾವ ದಿಕ್ಕಿಗಿದೆ, ಅಡುಗೆಮನೆ ಆಗ್ನೇಯದಲ್ಲಿದೆಯಾ, ಬಾಲ್ಕನಿಗೆ ಬೆಳಗಿನ ಬಿಸಿಲು ಬೀಳುತ್ತಾ, ಟೈಲ್ಸ್ ಯಾವ ಕಂಪನಿದು, ಮೆಟ್ರೋ ಎಷ್ಟು ದೂರ. ಓಸಿ ಅನ್ನೋದು ಹದಿನೇಳನೇ ಜಾಗದಲ್ಲಿ, "ಸಾಧ್ಯವಾದರೆ ಪರಿಶೀಲಿಸಿ" ಅನ್ನೋ ಧಾಟಿಯಲ್ಲಿ ಬಂದು ಹೋಗುತ್ತೆ. ನನ್ನ ತಕರಾರು ಇಲ್ಲೇ ಶುರು. ಓಸಿ ಮೊದಲನೇ ಅಂಶ. ಅದು ಇಲ್ಲ ಅಂದರೆ ಉಳಿದ 24 ನೋಡೋ ಅಗತ್ಯವೇ ಇಲ್ಲ. ಮುಗಿದುಹೋದ ಕಟ್ಟಡದಲ್ಲಿ ಮನೆ ತಗೊಳ್ತಿದ್ದರೆ ಓಸಿ ನೋಡದೆ ಟೋಕನ್ ಕೊಡಬೇಡಿ. ಈಗಾಗಲೇ ಬುಕ್ ಮಾಡಿದ್ದರೆ ಓಸಿ ಬರೋ ತನಕ ಕೀ ತಗೋಬೇಡಿ. ನಾನು ಹೇಳೋದು ಇಷ್ಟೇ. ಆದರೆ ಇಷ್ಟನ್ನು ಹೇಳಿದ್ದಕ್ಕೆ ಮನೆಯವರು, ಸ್ನೇಹಿತರು, ಬ್ರೋಕರು, ಎಲ್ಲರೂ ನನ್ನನ್ನು ಅತಿ ಬುದ್ಧಿವಂತೆ ಅಂದಿದ್ದಾರೆ.

ನಾನು ಸಾಫ್ಟ್‌ವೇರ್ ಟೆಸ್ಟರ್. ನಮ್ಮ ಆಫೀಸಲ್ಲಿ ಒಂದು ಬಟನ್ನಿನ ಬಣ್ಣ ಬದಲಾದರೂ ಸೈನ್ ಆಫ್ ಇಲ್ಲದೆ ಪ್ರೊಡಕ್ಷನ್‌ಗೆ ಹೋಗಲ್ಲ. ಇದನ್ನು ಓದ್ತಿರೋ ನಿಮ್ಮಲ್ಲಿ ಅರ್ಧ ಜನ ಇಂಥದೇ ಕೆಲಸ ಮಾಡ್ತೀರಿ. ಓಸಿ ಅಂದರೆ ಕಟ್ಟಡದ ಸೈನ್ ಆಫ್. ಮಂಜೂರು ಮಾಡಿಸಿಕೊಂಡ ನಕ್ಷೆಯಲ್ಲಿ ಏನಿತ್ತು, ಕಟ್ಟಿದ್ದು ಏನು ಅಂತ ಪ್ರಾಧಿಕಾರ ಹೋಲಿಸಿ ನೋಡಿ, ಇಲ್ಲಿ ಜನ ವಾಸ ಮಾಡಬಹುದು ಅಂತ ಕೊಡೋ ಪತ್ರ. ಎಷ್ಟು ಮಹಡಿ, ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ, ಪಾರ್ಕಿಂಗ್ ಎಲ್ಲಿ, ಇದೆಲ್ಲ ಅದರಲ್ಲಿ ಬರುತ್ತೆ. ಎತ್ತರದ ಕಟ್ಟಡವಾದರೆ ಅಗ್ನಿಶಾಮಕ ಇಲಾಖೆಯವರ ಅಂತಿಮ ಒಪ್ಪಿಗೆಯೂ ಬೇಕು. ಸೆಟ್‌ಬ್ಯಾಕ್ ಅಂದರೆ ಗಿಡ ನೆಡೋ ಜಾಗ ಅಂತ ಸುಮಾರು ಜನ ತಿಳ್ಕೊಂಡಿದ್ದಾರೆ. ಬೆಂಕಿ ಬಿದ್ದ ದಿನ ಫೈರ್ ಎಂಜಿನ್ ತಿರುಗಬೇಕಾದ ಜಾಗ ಅದು. 2010ರ ಫೆಬ್ರುವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿಕೊಂಡು 9 ಜನ ಸತ್ತರು. ಕೆಲವರು ಉಸಿರುಕಟ್ಟಿ ಕಿಟಕಿಯಿಂದ ಹಾರಿದ್ದನ್ನು ಊರೆಲ್ಲ ಟೀವಿಯಲ್ಲಿ ನೋಡಿತು. ಅಗ್ನಿಶಾಮಕದ ಪತ್ರ "ಬರೀ ಫಾರ್ಮಾಲಿಟಿ" ಅನ್ನೋರಿಗೆ ಆ ದಿನ ನೆನಪಿಲ್ಲ.

ಕಳೆದ ವರ್ಷ ಮನೆ ಹುಡುಕುವಾಗ ಸರ್ಜಾಪುರ ರಸ್ತೆಯಿಂದ ಥಣಿಸಂದ್ರದವರೆಗೆ ಹದಿನಾಲ್ಕು ಪ್ರಾಜೆಕ್ಟ್ ನೋಡಿದೆ. ಎಲ್ಲ ಕಡೆ "ರೆಡಿ ಟು ಮೂವ್" ಅಂತ ಬೋರ್ಡು. ಎಲ್ಲ ಕಡೆ ನನ್ನದು ಒಂದೇ ಪ್ರಶ್ನೆ: ಓಸಿ ತೋರಿಸಿ. ಒಬ್ಬ ಮಹಾಶಯ, "ಮೇಡಂ, ಸರ್ ಬಂದಾಗ ಆ ಟೆಕ್ನಿಕಲ್ ವಿಷಯ ಮಾತಾಡೋಣ" ಅಂದ. ಸಾಲದ ಅರ್ಜಿಯಲ್ಲಿ ಸಹಿ ನನ್ನದು, ಸಂಬಳ ನನ್ನದು, ಪ್ರಶ್ನೆ ಮಾತ್ರ ಸರ್ ಕೇಳಬೇಕಂತೆ. ಅದಿರಲಿ. ಸಿಕ್ಕ ಉತ್ತರಗಳು ಹೆಚ್ಚು ಕಮ್ಮಿ ಐದೇ. ನಿಮಗೂ ಇವೇ ಸಿಗ್ತವೆ, ಹಾಗಾಗಿ ಒಂದೊಂದನ್ನೇ ನೋಡೋಣ.

ಮೊದಲನೇದು: "ಅಪ್ಲೈ ಮಾಡಿದ್ದೀವಿ ಮೇಡಂ, ಎರಡು ತಿಂಗಳಲ್ಲಿ ಬಂದುಬಿಡುತ್ತೆ." ಸರಿ, ಎರಡು ತಿಂಗಳು ಬಿಟ್ಟೇ ಬರ್ತೀನಿ ಅಂದರೆ ಆತನ ಮುಖ ಬಾಡುತ್ತೆ. ಯಾಕೆ? ಎರಡು ತಿಂಗಳಲ್ಲಿ ಬರೋದೇ ಆದರೆ ಅವನಿಗೇನು ಅವಸರ? ಅವಸರ ಯಾಕೆ ಅಂದರೆ ನೀವು ಕೀ ತಗೊಂಡ ದಿನ ಅವನ ಮೀಟರ್ ನಿಲ್ಲುತ್ತೆ, ನಿಮ್ಮ ಮೀಟರ್ ಓಡೋಕೆ ಶುರುವಾಗುತ್ತೆ. ಕೊನೆಯ ಕಂತು ಅವನ ಕೈಗೆ ಬರುತ್ತೆ. ಮೇಂಟೆನೆನ್ಸ್ ನಿಮ್ಮ ತಲೆ ಮೇಲೆ ಬೀಳುತ್ತೆ. ತಡ ಮಾಡಿದ್ದಕ್ಕೆ ಅವನು ಕೊಡಬೇಕಾದ ಬಡ್ಡಿ ಅವತ್ತಿಗೆ ಮುಗೀತು ಅಂತ ವಾದ ಮಾಡ್ತಾನೆ. ರೇರಾ ಕಾಯ್ದೆಯಲ್ಲಿ ಕಟ್ಟಡದ ದೋಷಕ್ಕೆ ಬಿಲ್ಡರ್ ಹೊಣೆ ಅಂತ 5 ವರ್ಷ ಇಟ್ಟಿದ್ದಾರಲ್ಲ, ಆ ಲೆಕ್ಕ ಶುರುವಾಗೋದೂ ಪೊಸೆಷನ್ ಕೊಟ್ಟ ದಿನದಿಂದ. ಪತ್ರ ಬರೋದಕ್ಕೆ ಎರಡು ವರ್ಷ ಆದರೆ, ಆ ಐದರಲ್ಲಿ ಎರಡು ಹಾಗೇ ಕರಗಿಹೋಗುತ್ತೆ.

ಎರಡನೇದು: "ಬೆಂಗಳೂರಲ್ಲಿ ಯಾರಿಗಿದೆ ಮೇಡಂ ಓಸಿ? ಎಲ್ಲ ಆರಾಮಾಗಿ ಇದ್ದಾರಲ್ಲ?" ಇದು ಅತ್ಯಂತ ಜನಪ್ರಿಯ ಉತ್ತರ, ಅತ್ಯಂತ ಅಪಾಯಕಾರಿಯೂ ಹೌದು. ಮುಂಬೈನ ವರ್ಲಿಯಲ್ಲಿ ಕ್ಯಾಂಪಾ ಕೋಲಾ ಕಾಂಪೌಂಡ್ ಅಂತ ಇದೆ. ನಕ್ಷೆಗಿಂತ ಹೆಚ್ಚು ಮಹಡಿ ಕಟ್ಟಿದ್ದ ಆ ಕಟ್ಟಡಗಳಲ್ಲಿ ಜನ 80ರ ದಶಕದಿಂದ "ಆರಾಮಾಗಿ" ಇದ್ದರು. 2013ರಲ್ಲಿ ಸುಪ್ರೀಂ ಕೋರ್ಟ್ ಅಕ್ರಮ ಮಹಡಿಗಳನ್ನು ಖಾಲಿ ಮಾಡಿ ಅಂತು; 2014ರ ಜೂನ್‌ನಲ್ಲಿ ಪಾಲಿಕೆಯವರು ಬಂದು ಕರೆಂಟು, ನೀರು, ಗ್ಯಾಸ್ ಕಿತ್ತರು. ಜನ ಇರೋ ಮನೆ ಯಾರೂ ಒಡೆಯಲ್ಲ ಅನ್ನೋರು ಕೊಚ್ಚಿಯ ಮರಡು ನೆನಪು ಮಾಡ್ಕೊಳ್ಳಿ. 2020ರ ಜನವರಿಯಲ್ಲಿ ಎರಡೇ ದಿನದಲ್ಲಿ ನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯಗಳನ್ನು ಸ್ಫೋಟಕ ಇಟ್ಟು ಉರುಳಿಸಿದರು. ಅಲ್ಲಿ ಮೀರಿದ್ದು ಕರಾವಳಿ ನಿಯಂತ್ರಣ ವಲಯದ ನಿಯಮ, ಓಸಿ ವಿಷಯ ಅಲ್ಲ. ಆದರೆ 300ಕ್ಕೂ ಹೆಚ್ಚು ಫ್ಲ್ಯಾಟುಗಳಲ್ಲಿ ಜನ ಸಂಸಾರ ಮಾಡ್ತಿದ್ದರು ಅನ್ನೋದು ಕಟ್ಟಡಗಳನ್ನು ಉಳಿಸಲಿಲ್ಲ.

ಮೂರನೇದು: "ಬ್ಯಾಂಕೇ ಲೋನ್ ಕೊಟ್ಟಿದೆ, ಇನ್ನೇನು ಬೇಕು?" ಬ್ಯಾಂಕು ಮೊದಲು ನೋಡೋದು ನಿಮ್ಮ ಸಂಬಳದ ಚೀಟಿ. ಕಟ್ಟಡ ನಾಳೆ ತಕರಾರಿಗೆ ಬಿದ್ದರೂ ಕಂತು ಕಟ್ಟೋದು ನೀವೇ. ಒಂದು ಕೋಟಿಯ ಮನೆಗೆ 80 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 69,400 ರೂಪಾಯಿ. ಕೊನೆಗೆ ಕಟ್ಟಿರೋದು 1.66 ಕೋಟಿ. ಇದರಲ್ಲಿ ಬ್ಯಾಂಕು ಕಳ್ಕೊಳ್ಳೋದು ತೀರಾ ಕಮ್ಮಿ. ಅದೇ ಮನೆಯನ್ನು ಐದು ವರ್ಷ ಬಿಟ್ಟು ಮಾರೋಕೆ ಹೋದಾಗ, ನಿಮ್ಮಿಂದ ಕೊಳ್ಳೋನ ಬ್ಯಾಂಕು ಮೊದಲು ಕೇಳೋದು ಓಸಿ. ನನ್ನ ಚಿಕ್ಕಮ್ಮನ ಮಗನಿಗೆ ಆಗಿದ್ದು ಇದೇ. ಕೆನಡಾಕ್ಕೆ ಹೋಗೋದು ನಿಶ್ಚಯವಾಗಿ ಫ್ಲ್ಯಾಟ್ ಮಾರಾಟಕ್ಕಿಟ್ಟ. ಮೂರು ಜನ ಒಪ್ಪಿ ಅಡ್ವಾನ್ಸ್ ಮಾತಾಡಿದರು, ಮೂರೂ ಬ್ಯಾಂಕಿನ ವಕೀಲರ ಹತ್ತಿರ ಬಿದ್ದುಹೋಯ್ತು. ಈಗ ಅವನು ಟೊರಾಂಟೋದಲ್ಲಿ ಬಾಡಿಗೆ ಕಟ್ಟಿಕೊಂಡು ಇಲ್ಲಿನ ಕಂತೂ ಕಟ್ಟಿಕೊಂಡು ಇದ್ದಾನೆ.

ನಾಲ್ಕನೇದು ಸ್ವಲ್ಪ ಹೊಸದು: "ಇದು ಫಿಟ್ ಔಟ್ ಪೊಸೆಷನ್ ಮೇಡಂ. ವಾಸಕ್ಕಲ್ಲ, ಇಂಟೀರಿಯರ್ ಮಾಡಿಸಿಕೊಳ್ಳೋಕೆ." ಎಷ್ಟು ಸಂಭಾವಿತ ಹೆಸರು! ನೀವು ಕೀ ತಗೊಂಡು, ಹತ್ತು ಲಕ್ಷ ಸುರಿದು ವಾರ್ಡ್‌ರೋಬು, ಮಾಡ್ಯುಲರ್ ಕಿಚನ್ ಹಾಕಿಸಿದ ಮೇಲೆ ಬಿಲ್ಡರ್ ಜತೆ ಜಗಳ ಆಡೋ ಧೈರ್ಯ ಇರುತ್ತಾ? ಅಷ್ಟರಲ್ಲಿ ಬಾಡಿಗೆ ಮನೆಗೆ ನೋಟಿಸ್ ಕೊಟ್ಟಾಗಿರುತ್ತೆ. ಒಂದು ಭಾನುವಾರ ಗ್ಯಾಸ್ ಸಿಲಿಂಡರ್ ಸಮೇತ ಬಂದು ಇಳೀತೀರಿ. ಬಿಲ್ಡರ್ ಹೇಳ್ತಾನೆ: ನಾನು ಇರಿ ಅಂದಿಲ್ಲ, ಅವರೇ ಬಂದು ಇದ್ದಾರೆ.

ಐದನೇದು: "ಸಣ್ಣಪುಟ್ಟ ಡೀವಿಯೇಷನ್ ಇದೆ, ಅಕ್ರಮ ಸಕ್ರಮದಲ್ಲಿ ಸರಿಹೋಗುತ್ತೆ." ಸಣ್ಣಪುಟ್ಟದ್ದಕ್ಕೆ 2003ರ ಬೈಲಾದಲ್ಲೇ ಅವಕಾಶ ಇತ್ತು, ಶೇ 5ರವರೆಗಿನ ಉಲ್ಲಂಘನೆಗೆ ದಂಡ ಕಟ್ಟಿ ಸರಿಮಾಡಿಕೊಳ್ಳಬಹುದಿತ್ತು. ಹಾಗಿದ್ದೂ ಪತ್ರ ಸಿಕ್ಕಿಲ್ಲ ಅಂದರೆ ಅದು ಸಣ್ಣದೂ ಅಲ್ಲ, ಪುಟ್ಟದೂ ಅಲ್ಲ. ಇನ್ನು ಅಕ್ರಮ ಸಕ್ರಮಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಪ್ರತಿ ಚುನಾವಣೆಯಲ್ಲೂ ಅದರ ಹೆಸರು ಕೇಳಿಬರುತ್ತೆ, ಆಮೇಲೆ ಮಾಯವಾಗುತ್ತೆ. ರಾಜಕಾರಣಿಯ ಭಾಷಣದ ಮೇಲೆ 20 ವರ್ಷದ ಸಾಲ ಮಾಡೋರುಂಟೇ?

ಈ ಐದೂ ಉತ್ತರಗಳ ಜತೆಗೆ ಒಂದು ತಮಾಷೆ ಇದೆ, ಗಮನಿಸಿ. ಕಟ್ಟಡ ಪೂರ್ತಿ ಮುಗಿದು ಪತ್ರ ಬಂದ ಮೇಲೆ ಮಾರುವ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ಕಟ್ಟುತ್ತಿರೋ ಫ್ಲ್ಯಾಟಿಗೆ ಶೇ 5, ಅಗ್ಗದ ಮನೆ ಅನ್ನೋ ವರ್ಗಕ್ಕಾದರೆ ಶೇ 1. ಹೊರಗೆ ಬೋರ್ಡಿನಲ್ಲಿ "ರೆಡಿ ಟು ಮೂವ್", ಒಳಗೆ ಕಾಸ್ಟ್ ಶೀಟಿನಲ್ಲಿ ಶೇ 5 ಜಿಎಸ್‌ಟಿ. ಒಂದು ಕೋಟಿಗೆ ಐದು ಲಕ್ಷ. ಮನೆ ರೆಡಿ ಇದ್ದರೆ ಈ ಐದು ಲಕ್ಷ ಯಾಕೆ? ರೆಡಿ ಇಲ್ಲ ಅಂದರೆ ಬೋರ್ಡ್ ಯಾಕೆ? ನಾನು ಇದನ್ನು ಕೇಳಿದ ಕಡೆಯೆಲ್ಲ ಕಾಫಿ ತಗೊಳ್ಳಿ ಮೇಡಂ ಅಂದರು.

ಕಾನೂನು ನಮ್ಮ ಕಡೆ ಇಲ್ವಾ? ಕಾಗದದ ಮೇಲೆ ಇದೆ, ಅದೂ ಗಟ್ಟಿಯಾಗೇ ಇದೆ. 2016ರ ರೇರಾ ಕಾಯ್ದೆ ಪ್ರಕಾರ ಓಸಿ ತರೋದು ಬಿಲ್ಡರನ ಜವಾಬ್ದಾರಿ. ನಾವು ಪೊಸೆಷನ್ ತಗೋಬೇಕಾದ್ದು ಓಸಿ ಬಂದ ಎರಡು ತಿಂಗಳೊಳಗೆ, ಅಂದರೆ ಬಂದ ಮೇಲೆ. 2022ರ ಜನವರಿಯಲ್ಲಿ ಮುಂಬೈನ ಸಮೃದ್ಧಿ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಓಸಿ ತರದೇ ಇರೋದು ಸೇವಾ ನ್ಯೂನತೆ, ಅದು ಮುಂದುವರಿಯುತ್ತಲೇ ಇರೋ ತಪ್ಪು ಅಂತ ಹೇಳಿತು. ಅಲ್ಲಿನ ನಿವಾಸಿಗಳು ಪತ್ರ ಇಲ್ಲದ ಒಂದೇ ಕಾರಣಕ್ಕೆ ಶೇ 25 ಹೆಚ್ಚು ಆಸ್ತಿ ತೆರಿಗೆ, ಶೇ 50 ಹೆಚ್ಚು ನೀರಿನ ಶುಲ್ಕ ಕಟ್ಟುತ್ತಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಆಗ್ರಾದ ಪ್ರಕರಣವೊಂದರಲ್ಲಿ ಅದೇ ಕೋರ್ಟು, ಕಟ್ಟಡ ಪೂರ್ಣಗೊಂಡ ಪತ್ರವೂ ಅಗ್ನಿಶಾಮಕದ ಪತ್ರವೂ ಇಲ್ಲದೆ "ಬಂದು ಮನೆ ತಗೊಳ್ಳಿ" ಅಂತ ಕರೆಯೋದು ಕರೆಯೇ ಅಲ್ಲ ಅಂತು. ಆ ವರ್ಷದ ಡಿಸೆಂಬರ್ 17ರ ತೀರ್ಪಂತೂ ಎಲ್ಲರ ನಿದ್ದೆ ಕೆಡಿಸಿತು: ಓಸಿ ತೋರಿಸಿದ ಮೇಲೇ ಕರೆಂಟು, ನೀರಿನ ಸಂಪರ್ಕ. 2025ರಲ್ಲಿ ಬೆಂಗಳೂರಿನ ಎಷ್ಟೋ ಹೊಸ ಕಟ್ಟಡಗಳಿಗೆ ಕಾಯಂ ಕರೆಂಟ್ ಸಿಗದೆ ಜನ ಪರದಾಡಿದರು. ಸರ್ಕಾರ ಸಣ್ಣ ನಿವೇಶನದ ಮನೆಗಳಿಗೆ ವಿನಾಯಿತಿ ಹುಡುಕಿತು. ಇನ್ನೂರು ಫ್ಲ್ಯಾಟಿನ ಸಮುಚ್ಚಯ ಆ ಬಾಗಿಲಲ್ಲಿ ತೂರಲ್ಲ.

ನ್ಯಾಯವಾಗಿ ಹೇಳಬೇಕು ಅಂದರೆ ಎದುರು ಪಕ್ಷಕ್ಕೂ ಒಂದು ಮಾತಿದೆ. ಸರಿಯಾಗಿ ಕಟ್ಟಿದ ಬಿಲ್ಡರನ ಫೈಲನ್ನೂ ಕಚೇರಿಯಲ್ಲಿ ಕೂರಿಸಿಕೊಳ್ಳೋರಿದ್ದಾರೆ, ಟೇಬಲಿಂದ ಟೇಬಲಿಗೆ ಅದು ಹೇಗೆ ಚಲಿಸುತ್ತೆ ಅಂತ ಎಲ್ಲರಿಗೂ ಗೊತ್ತು. ಒಪ್ಪಿದೆ. ಆದರೆ ಆ ತಡದ ಭಾರ ಹೊರಬೇಕಾದವರು ಯಾರು? ಫೈಲು ಅವನದು, ಕಟ್ಟಡ ಅವನದು, ಲಾಭ ಅವನದು, ಬಿಲ್ಡರುಗಳ ಸಂಘವೂ ಅವನದು. ಮಂತ್ರಿಗಳ ಬಾಗಿಲು ತಟ್ಟೋ ಶಕ್ತಿ ಅವನಿಗಿದೆ, ನನಗಿಲ್ಲ. ಪತ್ರ ಇಲ್ಲದೆಯೂ ಮನೆ ಪೂರ್ತಿ ಮಾರಾಟವಾಗುತ್ತೆ ಅಂತಾದರೆ, ಕಚೇರಿಯ ವಿರುದ್ಧ ಜಗಳ ಮಾಡೋ ದರ್ದು ಅವನಿಗೇನಿದೆ? ನಾವು ಕೀ ತಗೊಳ್ಳೋದು ನಿಲ್ಲಿಸಿದ ದಿನ ಆ ದರ್ದು ಹುಟ್ಟುತ್ತೆ.

ನಾವು ಯಾಕೆ ತಗೊಳ್ತೀವಿ ಅನ್ನೋದು ನನಗೂ ಗೊತ್ತು. ಮೊದಲನೇ ಕಾರಣ ಬಾಡಿಗೆ ಮತ್ತು ಕಂತು, ಎರಡೂ ಒಟ್ಟಿಗೆ ಕಟ್ಟೋ ಕಷ್ಟ. ನಿಜವಾದ ಕಷ್ಟ ಅದು, ಅಲ್ಲಗಳೆಯಲ್ಲ. ಆದರೆ ಲೆಕ್ಕ ಹಾಕಿ ನೋಡಿ. 30,000 ಬಾಡಿಗೆಯಲ್ಲಿ ಆರು ತಿಂಗಳು ಹೆಚ್ಚು ಕಾದರೆ 1.8 ಲಕ್ಷ. ಆ ಕಡೆ, ಹೇಳಿದ ದಿನಾಂಕ ಮೀರಿದ ಪ್ರತಿ ತಿಂಗಳಿಗೂ ಕಟ್ಟಿದ ಹಣಕ್ಕೆ ಬಡ್ಡಿ ಕೇಳೋ ಹಕ್ಕು ರೇರಾ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿದೆ. ಕರ್ನಾಟಕದ ನಿಯಮದಲ್ಲಿ ಆ ದರ ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್ ಮೇಲೆ ಶೇ 2. ಲೆಕ್ಕಕ್ಕೆ ಶೇ 10 ಅಂತಿಟ್ಟುಕೊಂಡರೂ 80 ಲಕ್ಷಕ್ಕೆ ತಿಂಗಳಿಗೆ 66,000ಕ್ಕೂ ಮೇಲೆ. ಕಾಯೋದರಲ್ಲಿ ನಷ್ಟ ಯಾರಿಗೆ ಹೆಚ್ಚು, ನೀವೇ ಹೇಳಿ. ಹಾಂ, ರೇರಾದಲ್ಲಿ ಗೆದ್ದರೂ ದುಡ್ಡು ಕೈಗೆ ಬರೋಕೆ ಭೂಕಂದಾಯದ ಬಾಕಿ ವಸೂಲಿ ಮಾಡಿದ ಹಾಗೆ ಕಂದಾಯ ಇಲಾಖೆ ವಸೂಲಿ ಮಾಡಬೇಕು, ಅದು ಬೇಗ ಆಗೋ ಕೆಲಸ ಅಲ್ಲ. ಅದಕ್ಕೇ ಹೇಳೋದು, ಕೇಸು ಹಾಕೋ ಹಕ್ಕಿಗಿಂತ ಕೀ ತಗೊಳ್ಳದೆ ಇರೋ ಹಕ್ಕು ದೊಡ್ಡದು. ಅದಕ್ಕೆ ವಕೀಲರ ಫೀಸೂ ಇಲ್ಲ.

ಎರಡನೇ ಕಾರಣ ಮುಹೂರ್ತ. ಬಿಲ್ಡರ್ ಆಫೀಸಿನವರಿಗೆ ಪಂಚಾಂಗ ನಮ್ಮ ಪುರೋಹಿತರಿಗಿಂತ ಚೆನ್ನಾಗಿ ಗೊತ್ತು. "ಆಷಾಢ ಬಂದುಬಿಡುತ್ತೆ ಮೇಡಂ, ಜ್ಯೇಷ್ಠದಲ್ಲೇ ಹಾಲುಕ್ಕಿಸಿಬಿಡಿ" ಅಂತ ಫೋನ್ ಮಾಡ್ತಾರೆ. ಅಮ್ಮನಿಗೆ ಅದು ಸರಿ ಅನ್ನಿಸುತ್ತೆ, ಅತ್ತೆಗೂ ಸರಿ ಅನ್ನಿಸುತ್ತೆ, ಊರಿಂದ ನೆಂಟರ ಟಿಕೆಟ್ ಬುಕ್ ಆಗುತ್ತೆ. ಒಮ್ಮೆ ಕಾರ್ಡ್ ಹಂಚಿದರೆ ಹಿಂದಕ್ಕೆ ಬರೋಕಾಗಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಅಮ್ಮಂದಿರಿಗೆ ಒಂದು ಮಾತು: ಗೃಹಪ್ರವೇಶ ಅಂದಮೇಲೆ ಮೊದಲು ಅದು ಗೃಹ ಆಗಿರಬೇಕಲ್ವೇ ಅಮ್ಮಾ? ಶ್ರಾವಣದಲ್ಲಿ ಒಳ್ಳೇ ದಿನಗಳಿವೆ. ಕಾರ್ತಿಕದಲ್ಲೂ ಇವೆ.

ಮೂರನೇದು ನಾಚಿಕೆಯ ಕಾರಣ. ಓಸಿ ಇಲ್ಲ ಅನ್ನೋದು ಹೊರಗೆ ಗೊತ್ತಾದರೆ ರೇಟ್ ಬಿದ್ದುಹೋಗುತ್ತೆ ಅಂತ ಒಳಗಿರೋರೇ ಬಾಯಿ ಮುಚ್ಚಿಕೊಳ್ತಾರೆ. ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಕೇಳಿದರೆ "ನೆಗೆಟಿವಿಟಿ ಬೇಡ ಬ್ರೋ" ಅಂತ ಹತ್ತು ಜನ ಮೇಲೆ ಬೀಳ್ತಾರೆ. ಅವರ ಲೆಕ್ಕ ನನಗೆ ಅರ್ಥವಾಗುತ್ತೆ. ನಾವು ಸಿಕ್ಕಿಬಿದ್ದಿದ್ದೀವಿ, ಇನ್ನೊಬ್ಬ ಬಂದು ಕೊಂಡುಕೊಂಡರೆ ನಾವು ಪಾರು. ಈ ಮೌನದ ಬೆಲೆ ಮುಂದೆ ಕೊಳ್ಳೋನು ಕೊಡ್ತಾನೆ. ಆ ಮುಂದಿನವನು ನೀವೇ ಆಗಬಹುದು.

ಹಾಗಾದರೆ ಮಾಡೋದೇನು? ಬಾಯಿಮಾತು ಬಿಡಿ, ಈಮೇಲ್ ಬರೆಯಿರಿ. ಓಸಿಯ ಸಂಖ್ಯೆ, ದಿನಾಂಕ, ಕೊಟ್ಟ ಪ್ರಾಧಿಕಾರ, ಈ ಮೂರೂ ಲಿಖಿತವಾಗಿ ಬರಬೇಕು. ಪಾರ್ಷಿಯಲ್ ಓಸಿ ಅಂದರೆ ಮೋಸ ಅಂತ ಅಲ್ಲ; ಹಂತ ಹಂತವಾಗಿ ಕಟ್ಟುವಾಗ ಕೊಡ್ತಾರೆ. ಆದರೆ ಅದರಲ್ಲಿ ನಿಮ್ಮ ಟವರ್, ನಿಮ್ಮ ಮಹಡಿ ಇದೆಯಾ ನೋಡಿ. ಅವರು ಕೊಟ್ಟ ಝೆರಾಕ್ಸ್ ಸಾಲದು, ಕೊಟ್ಟ ಕಚೇರಿಯಲ್ಲಿ ನಿಮ್ಮ ವಕೀಲರ ಕೈಯಲ್ಲಿ ಖಚಿತ ಮಾಡಿಸಿ. ವಕೀಲರು ನಿಮ್ಮವರೇ ಇರಲಿ, ಬಿಲ್ಡರ್ ಹೇಳಿದ ವಕೀಲರು ಬೇಡ. "ರೇರಾ ಅಪ್ರೂವ್ಡ್" ಅನ್ನೋ ಮುದ್ರೆ ಓಸಿ ಅಲ್ಲ, ಬಿ ಖಾತಾವೂ ಓಸಿ ಅಲ್ಲ, ತೆರಿಗೆ ರಸೀದಿಯಂತೂ ಅಲ್ಲವೇ ಅಲ್ಲ. ಇನ್ನೊಂದು ಸುಲಭದ ಪರೀಕ್ಷೆ: ಕರ್ನಾಟಕ ರೇರಾ ತಾಣದಲ್ಲಿ ಹಾಕಿರೋ ಮಂಜೂರಾದ ನಕ್ಷೆಯಲ್ಲಿ ಎಷ್ಟು ಮಹಡಿ ಇದೆ ನೋಡ್ಕೊಳ್ಳಿ. ಆಮೇಲೆ ಎದುರು ರಸ್ತೆಯಲ್ಲಿ ನಿಂತು ತಲೆ ಎತ್ತಿ ಎಣಿಸಿ. ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ?

ಉಳಿದ ಅಂಶಗಳು ಮುಖ್ಯವಲ್ಲ ಅಂತಲ್ಲ. ಸೂಪರ್ ಬಿಲ್ಟ್ ಅಪ್ ಲೆಕ್ಕ ಬಿಟ್ಟು ಕಾರ್ಪೆಟ್ ಏರಿಯಾ ಕೇಳಿ. 1,400 ಚದರಡಿ ಅಂತ ಹೇಳಿದ್ದು ಒಳಗೆ ಅಳೆದರೆ ಸಾವಿರದ ಆಸುಪಾಸು ಬರಬಹುದು. ಕರಾರು ಪತ್ರ ನೋಂದಣಿ ಆಗದೆ ಶೇ 10ಕ್ಕಿಂತ ಹೆಚ್ಚು ದುಡ್ಡು ಕೊಡಬೇಡಿ, ಕೇಳೋ ಹಾಗೇ ಇಲ್ಲ ಅಂತ ಕಾಯ್ದೆಯಲ್ಲಿದೆ. ತೆರೆದ ಪಾರ್ಕಿಂಗ್ ಎಲ್ಲರಿಗೂ ಸೇರಿದ್ದು, ಅದನ್ನು ಬೇರೆಯಾಗಿ ಮಾರೋ ಹಾಗಿಲ್ಲ. ನೋಂದಣಿ ಖರ್ಚು ತಲೆಯಲ್ಲಿರಲಿ. ನೋಂದಣಿ ಶುಲ್ಕ ಶೇ 2 ಆದ ಮೇಲೆ ಮುದ್ರಾಂಕ, ಸೆಸ್ ಎಲ್ಲ ಸೇರಿ ಒಂದು ಕೋಟಿಗೆ 7.6 ಲಕ್ಷ ಆಗುತ್ತೆ. ನೀರು ಎಲ್ಲಿಂದ ಅಂತ ಕೇಳಿ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಗೊತ್ತಿರುತ್ತೆ, ಕಾವೇರಿ ಐದನೇ ಹಂತ ಬಂತು ಅಂದಮಾತ್ರಕ್ಕೆ ನಿಮ್ಮ ಸಂಪಿಗೆ ನೀರು ಬಂತು ಅಂತಲ್ಲ. ರಾಜಕಾಲುವೆ ಎಷ್ಟು ದೂರ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಕೋಟ್ಯಧಿಪತಿಗಳೇ ಟ್ರ್ಯಾಕ್ಟರ್ ಹತ್ತಿ ಮನೆಯಿಂದ ಹೊರಗೆ ಬಂದಿದ್ದಾರೆ. ಇವೆಲ್ಲ ನೋಡಿ, ಖಂಡಿತ ನೋಡಿ. ಆದರೆ ಇವೆಲ್ಲ ಎರಡನೇ ದಿನದ ಕೆಲಸ.

ಹದಿನಾಲ್ಕು ಪ್ರಾಜೆಕ್ಟಿನಲ್ಲಿ ನನಗೆ ಓಸಿ ತೋರಿಸಿದವರು ನಾಲ್ಕು ಜನ. ನನ್ನ ಪಟ್ಟಿ ಅಷ್ಟಕ್ಕೇ ಇಳೀತು. "ಇಷ್ಟು ಚೂಸಿ ಆದರೆ ಬೆಂಗಳೂರಲ್ಲಿ ಮನೆ ಸಿಗಲ್ಲ" ಅಂತ ಬ್ರೋಕರ್ ಬುದ್ಧಿ ಹೇಳಿದ. ಇರಬಹುದು. ಆದರೆ ಇದು ನನ್ನೊಬ್ಬಳ ಹಟ ಆಗಿದ್ದರೆ ಮಾತ್ರ ಅದು ಚೂಸಿ. ನಿಮ್ಮ ಪ್ರಾಜೆಕ್ಟಿನಲ್ಲಿ ಇನ್ನೂರು ಜನ ಬುಕ್ ಮಾಡಿದ್ದೀರಿ ಅಂದರೆ, ಆ ಇನ್ನೂರು ಜನ ಒಂದೇ ಈಮೇಲ್ ಬರೆಯಿರಿ: ಓಸಿ ಕೊಡಿ, ಕೀ ತಗೊಳ್ತೀವಿ, ಕೊನೆಯ ಕಂತೂ ಕೊಡ್ತೀವಿ. ಅಲ್ಲಿಯವರೆಗೆ ಬಾಡಿಗೆ ಮನೆಯಲ್ಲೇ ಇರೋಣ. ಓನರ್ ಆಂಟಿ ರಾತ್ರಿ ಹತ್ತಕ್ಕೆ ಗೇಟ್ ಹಾಕ್ತಾರೆ, ಹಾಕಲಿ. ಆ ಮನೆಗೆ ಕರೆಂಟಾದರೂ ಇದೆ.